ಕಡಲಾಚೆಯ ನಿತ್ಯಜೀವನ
(ಖಾರಘರದ ಶಾಖಾಮಠದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ, ನಮ್ಮ ಮಕ್ಕಳು ಬ್ರಿಟನ್ನಿಗೆ ಹೋಗಿ ನೆಲೆಸಿದಾಗ ದಿನನಿತ್ಯದ ಬಾಳಿನಲ್ಲಿ ಎದುರಾಗುವ ಭೇದಗಳು ಮತ್ತು ಅವುಗಳಿಗೆ ಹೊಂದಿಕೊಳ್ಳುವ ಬಗೆ. ಹೋಗಬಹುದೇ, ಹೋಗಬಾರದೇ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಈ ಸಭೆಯಲ್ಲಿರುವ ಅನೇಕರ ಮಗನೋ ಮಗಳೋ ಈಗಾಗಲೇ ಲಂಡನ್, ರೆಡಿಂಗ್, ಲೀಡ್ಸ್, ಮ್ಯಾಂಚೆಸ್ಟರ್‌ಗಳಲ್ಲಿದ್ದಾರೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಭಾರತೀಯ ಮೂಲದವರು 18 ಲಕ್ಷಕ್ಕೂ ಮಿಕ್ಕಿದ್ದಾರೆ. ಹಿಂದೂಗಳೆಂದು ಬರೆಸಿದವರು 10 ಲಕ್ಷ ದಾಟಿದ್ದಾರೆ. ಹೋದವರು ಹೇಗೆ ಬಾಳಬೇಕು, ಇಲ್ಲಿರುವ ನಾವು ಅವರಿಗೆ ಹೇಗೆ ಆಸರೆಯಾಗಬೇಕು ಎಂಬುದೇ ಈಗ ಉಳಿದಿರುವ ಪ್ರಶ್ನೆ. ಮಕ್ಕಳ ಮನೆಯಲ್ಲಿ ಎರಡು ಬಾರಿ ಕೆಲವು ತಿಂಗಳು ಇದ್ದು ನೋಡಿದ್ದನ್ನೂ, ಓದಿ ತಿಳಿದದ್ದನ್ನೂ ತಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ಮಾತನ್ನು ನೆನಪಿಸಿಕೊಳ್ಳೋಣ. ವಲಸೆ ನಮಗೆ ಹೊಸದಲ್ಲ. ನಮ್ಮ ತಂದೆ ತಾತಂದಿರು ಉಡುಪಿ, ಕುಂದಾಪುರ, ಧಾರವಾಡ, ವಿಜಯಪುರಗಳಿಂದ ಮುಂಬಯಿಗೆ ಬಂದರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದಾಗ, ಊರಿನ ಊಟಕ್ಕಾಗಿ ಹಂಬಲಿಸುತ್ತಿದ್ದ ಒಂಟಿ ತರುಣರಿಗೆ ಅದು ಎಷ್ಟು ದೊಡ್ಡ ಆಶ್ರಯವಾಯಿತೆಂಬುದನ್ನು ಹಿರಿಯರು ಬಲ್ಲರು. ಚಾಳಿನ ಸಾರ್ವಜನಿಕ ನಲ್ಲಿಯ ಬಳಿ ಸರದಿ ನಿಂತು ಮಡಿನೀರು ಹಿಡಿದವರು, ಬೆಳಗಿನ ಲೋಕಲ್ ಗಾಡಿಗೆ ತಪ್ಪದಂತೆ ಸಂಧ್ಯಾವಂದನೆಯ ಹೊತ್ತನ್ನು ಹೊಂದಿಸಿಕೊಂಡವರು ನಮ್ಮ ಮನೆಗಳಲ್ಲಿಯೇ ಇದ್ದರು. ಬಾವಿಯಿದ್ದ ಮನೆಯಿಂದ ಬಾವಿಯಿಲ್ಲದ ಮನೆಗೆ ಬಂದಾಗ ಅವರು ಏನನ್ನು ಬದಲಿಸಿಕೊಂಡರು, ಏನನ್ನು ಬಿಡಲಿಲ್ಲ ಎಂಬುದೇ ನಮ್ಮ ಮಕ್ಕಳಿಗೆ ಮೊದಲ ಪಾಠವಾಗಬಲ್ಲದು.

ಆಚಾರವು ದೇಶವನ್ನನುಸರಿಸಿ ಭಿನ್ನವಾಗುತ್ತದೆಂಬುದನ್ನು ಪ್ರಾಚೀನರೂ ಗಮನಿಸಿದ್ದರು. ಬೌಧಾಯನ ಧರ್ಮಸೂತ್ರವು ದಕ್ಷಿಣದವರ ಐದು ರೂಢಿಗಳನ್ನೂ ಉತ್ತರದವರ ಐದು ರೂಢಿಗಳನ್ನೂ ಪಟ್ಟಿ ಮಾಡುತ್ತದೆ. ಸೋದರಮಾವನ ಮಗಳನ್ನು ವರಿಸುವುದು ದಕ್ಷಿಣದ ಪಟ್ಟಿಯಲ್ಲಿದೆ. ಸಮುದ್ರಯಾನ ಉತ್ತರದ ಪಟ್ಟಿಯಲ್ಲಿದೆ. ಒಂದೆಡೆಯ ರೂಢಿಯನ್ನು ಇನ್ನೊಂದೆಡೆ ಆಚರಿಸಿದರೆ ದೋಷ, ಆಯಾ ವಿಷಯದಲ್ಲಿ ಆಯಾ ದೇಶವೇ ಪ್ರಮಾಣ ಎಂಬುದು ಆ ಸೂತ್ರಕಾರರ ಅಭಿಪ್ರಾಯ. ಗೌತಮರು ಇದನ್ನು ಒಪ್ಪಲಿಲ್ಲವೆಂಬುದೂ ಅಲ್ಲಿಯೇ ದಾಖಲಾಗಿದೆ. ಅದೇ ಬೌಧಾಯನರು ಮುಂದೆ ಸಮುದ್ರಯಾನವನ್ನು ಪತನಕಾರಣಗಳಲ್ಲಿ ಎಣಿಸಿದ್ದಾರೆ. ಇದರ ನಿರ್ಣಯ ವಿದ್ವಾಂಸರಿಗೆ ಬಿಟ್ಟದ್ದು. ದೇಶಭೇದದಿಂದ ಆಚಾರಭೇದವುಂಟಾಗುತ್ತದೆ, ಅದನ್ನು ವಿಚಾರಮಾಡಿಯೇ ನಡೆಯಬೇಕು ಎಂಬಷ್ಟು ಮಾತ್ರ ನಮಗೆ ಪ್ರಕೃತ.

ವಿಚಾರಮಾಡದೆ ಹೋದರೆ ಏನಾಗುತ್ತದೆ? ಇಬ್ಬರ ಉದಾಹರಣೆಗಳನ್ನು ಕೊಡುತ್ತೇನೆ. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗರು ಬೃಹದಾಕಾರದ ಬೆಳ್ಳಿಯ ಪಾತ್ರೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹಡಗನ್ನೇರಿದರು. ಆ ಪಾತ್ರೆಗಳನ್ನು ಜೈಪುರದ ಅರಮನೆಯಲ್ಲಿ ಇಂದಿಗೂ ಕಾಣಬಹುದು. ತಮ್ಮ ಊರನ್ನೇ ಜೊತೆಗೆ ಕೊಂಡೊಯ್ಯುವ ಸಾಮರ್ಥ್ಯ ಅವರಿಗಿತ್ತು. 1914ರ ಮಾರ್ಚ್ 17ರಂದು ಮದರಾಸಿನಿಂದ ಹಡಗನ್ನೇರಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರಿಗೆ ಅಂತಹ ಅನುಕೂಲವಿರಲಿಲ್ಲ. ಕೇಂಬ್ರಿಜ್‌ನಲ್ಲಿ ಸ್ವಯಂಪಾಕ ಮಾಡಿಕೊಂಡು ಬಾಳಿದರು. ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಪಿ. ಸಿ. ಮಹಾಲನೋಬಿಸ್ ಒಂದು ದಿನ ರಾತ್ರಿಯ ಚಳಿಯ ಬಗ್ಗೆ ವಿಚಾರಿಸಿದಾಗ, ರಾಮಾನುಜನ್ ಮೇಲಂಗಿ ತೊಟ್ಟು ಶಾಲು ಹೊದ್ದು ಮಲಗುತ್ತಿದ್ದರೆಂದು ತಿಳಿಯಿತು. ಮಂಚದಲ್ಲಿ ಕಂಬಳಿಗಳು ಬೇಕಾದಷ್ಟಿದ್ದವು. ಆದರೆ ಅವುಗಳ ಅಂಚುಗಳನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದ್ದರಿಂದ, ಮೇಲ್ಭಾಗವನ್ನು ಮಡಚಿ ಒಳಗೆ ಸೇರಿಕೊಳ್ಳಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಜಗತ್ತೇ ಬೆರಗಾಗುವ ಪ್ರತಿಭೆಯುಳ್ಳವರು ಕಂಬಳಿಯ ಮೇಲೆ ಮಲಗಿ ಚಳಿಯಲ್ಲಿ ನಡುಗಿದರು. ಹೇಳಿಕೊಡುವವರಿರಲಿಲ್ಲ, ಕೇಳಲು ಸಂಕೋಚ. ಇಂದಿನ ನಮ್ಮ ಮಕ್ಕಳ ಕಷ್ಟಗಳಲ್ಲಿಯೂ ಬಹುಪಾಲು ಇದೇ ಜಾತಿಯವು.

ಇನ್ನು ಒಂದೊಂದಾಗಿ ಕೆಲವು ವಿಷಯಗಳನ್ನು ನೋಡೋಣ.

ಮೊದಲನೆಯದು ಕಾಲ. ಲಂಡನ್ನಿನಲ್ಲಿ ಡಿಸೆಂಬರ್ ಉತ್ತರಾರ್ಧದಲ್ಲಿ ಸೂರ್ಯೋದಯ ಸುಮಾರು 8 ಗಂಟೆಗೆ, ಸೂರ್ಯಾಸ್ತ ಮಧ್ಯಾಹ್ನ 4ಕ್ಕೂ ಮೊದಲು. ಜೂನ್ ತಿಂಗಳಲ್ಲಾದರೋ ಸೂರ್ಯ 4.45ರ ಸುಮಾರಿಗೆ ಉದಯಿಸಿ ರಾತ್ರಿ 9.20ರವರೆಗೆ ಕಾಣುತ್ತಾನೆ. ಕಚೇರಿಯಲ್ಲಿ ಕುಳಿತಿರುವಾಗಲೇ ಸಾಯಂಸಂಧ್ಯೆ ಕಳೆದುಹೋಗುತ್ತದೆ. ಏಕಾದಶಿಯ ಲೆಕ್ಕವೂ ಹೀಗೆಯೇ. ತಿಥಿ ಬದಲಾಗುವ ಕ್ಷಣ ಭೂಮಂಡಲಕ್ಕೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಚಳಿಗಾಲದ ಒಂದು ಸೋಮವಾರ ನಮ್ಮ ಗಡಿಯಾರದ ಬೆಳಗಿನ 10 ಗಂಟೆಗೆ ಏಕಾದಶಿ ಪ್ರಾರಂಭವಾಗಿ, ಮರುದಿನ ಸುಮಾರು ಅದೇ ವೇಳೆಗೆ ಮುಗಿಯುತ್ತದೆನ್ನಿ. ಸೋಮವಾರದ ಉದಯದಲ್ಲಿ ದಶಮಿಯಿರುವುದರಿಂದ ನಮಗೆ ಉಪವಾಸ ಮಂಗಳವಾರ. ಲಂಡನ್ನಿನಲ್ಲಿ ಏಕಾದಶಿ ಪ್ರಾರಂಭವಾಗುವ ಆ ಕ್ಷಣ ಸೋಮವಾರ ಬೆಳಗಿನ ಜಾವ 4.30. ಅಲ್ಲಿ 8 ಗಂಟೆಯ ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮೊದಲಿನ ಅರುಣೋದಯ 6.24ಕ್ಕೆ. ಆ ಹೊತ್ತಿಗೆ ದಶಮಿಯ ವೇಧೆಯಿಲ್ಲ. ಆದ್ದರಿಂದ ಅಲ್ಲಿಯವರಿಗೆ ಸೋಮವಾರವೇ ಉಪವಾಸ. ಮಂಗಳವಾರ ಇಲ್ಲಿಂದ ತಾಯಿ ದೂರವಾಣಿಯಲ್ಲಿ, "ಇವತ್ತು ಏಕಾದಶಿ ಕಣೋ, ಅನ್ನ ಉಂಡುಬಿಟ್ಟೆಯಾ?" ಎಂದು ನೊಂದುಕೊಳ್ಳುವಾಗ, ಹಿಂದಿನ ದಿನ ನಿಯಮದಿಂದ ಉಪವಾಸವಿದ್ದ ಮಗ ಪಾರಣೆ ಮುಗಿಸಿರುತ್ತಾನೆ! ಇಲ್ಲಿಯ ಪಂಚಾಂಗವನ್ನು ಹಾಗೆಯೇ ಕಳುಹಿಸುವ ಬದಲು ಆ ಊರಿಗೆ ಗಣಿಸಿದ ಪಂಚಾಂಗವನ್ನು ದೊರಕಿಸಿಕೊಡಬೇಕು; ಸಂಶಯವಿದ್ದಲ್ಲಿ ತಿಳಿದವರನ್ನು ಕೇಳಬೇಕು.

ಎರಡನೆಯದು ಆಹಾರ. ಗಾಂಧೀಜಿ 1888ರಲ್ಲಿ ಓದಲೆಂದು ಲಂಡನ್ನಿಗೆ ಹೋದಾಗ ಸಸ್ಯಾಹಾರದ ಭೋಜನಾಲಯವನ್ನು ಹುಡುಕಿಕೊಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದನ್ನು ಕಂಡುಕೊಂಡರು. ಸಸ್ಯಾಹಾರಿಗಳ ಸಂಘವೊಂದು ಆ ದೇಶದಲ್ಲಿ 1847ರಲ್ಲಿಯೇ ಸ್ಥಾಪಿತವಾಗಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಇಂದು ಯಾವ ಅಂಗಡಿಯಲ್ಲಿಯೂ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಆದರೆ ಆ ಶಬ್ದದ ಅರ್ಥ ಬೇರೆ. ಅಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆ ಇರಬಹುದು. 'ವೀಗನ್' ಎಂದರೆ ಮೊಟ್ಟೆ ಇಲ್ಲ, ಹಾಲು ಮೊಸರು ತುಪ್ಪಗಳೂ ಇಲ್ಲ. ನಮ್ಮಲ್ಲಿಯ ಹಸುರು ಚುಕ್ಕೆಯ ಗುರುತು ಅಲ್ಲಿಯ ಪೊಟ್ಟಣಗಳ ಮೇಲೆ ಇರುವುದಿಲ್ಲ. ಕೆಲವು ಮಿಠಾಯಿಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್, ಕೆಲವು ಚೀಸುಗಳಲ್ಲಿ ಕರುವಿನ ಜಠರದಿಂದ ತೆಗೆದ ರೆನೆಟ್ ಇರುತ್ತದೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವನ್ನು ಮಕ್ಕಳಿಗೆ ಇಲ್ಲಿಯೇ ಮಾಡಿಸಿ. ಸಹೋದ್ಯೋಗಿಯೊಬ್ಬರು ಊಟಕ್ಕೆ ಕರೆದರೆ ಮುಂಚಿತವಾಗಿಯೇ ಸ್ಪಷ್ಟವಾಗಿ ತಿಳಿಸುವುದು ಅಲ್ಲಿ ಸೌಜನ್ಯ; ಎಲೆಯ ಮುಂದೆ ಕುಳಿತ ಮೇಲೆ ನಿರಾಕರಿಸುವುದು ಅಸೌಜನ್ಯ.

ಮೂರನೆಯದು ಮನೆ. ಅಲ್ಲಿಯ ಅನೇಕ ಸ್ನಾನಗೃಹಗಳ ನೆಲದಲ್ಲಿ ನೀರು ಹರಿದುಹೋಗುವ ಮೋರಿಯೇ ಇರುವುದಿಲ್ಲ. ತಂಬಿಗೆಯಿಂದ ನೀರು ಹೊಯ್ದುಕೊಂಡರೆ ಕೆಳಗಿನ ಮನೆಯ ಮಾಡು ತೊಯ್ಯುತ್ತದೆ. ಒಗ್ಗರಣೆಯ ಹೊಗೆಗೆ ಎಚ್ಚರಿಕೆಯ ಗಂಟೆ ಕಿರುಚಿಕೊಳ್ಳುತ್ತದೆ. ಕಸವನ್ನು ಬೇರ್ಪಡಿಸಿ, ನಿಗದಿಯಾದ ದಿನ, ನಿಗದಿಯಾದ ಬಣ್ಣದ ತೊಟ್ಟಿಯಲ್ಲಿ ಇಡಬೇಕು. ಮನೆಗೆ ಬರುವವರು ಮೊದಲೇ ತಿಳಿಸಿ ಬರುತ್ತಾರೆ. ಇವೆಲ್ಲ ಕ್ಷುಲ್ಲಕವೆಂದು ತೋರಬಹುದು. ಆದರೆ ನೆರೆಯವರೊಡನೆ ಮನಸ್ತಾಪ ಹುಟ್ಟುವುದು ಇಂಥವುಗಳಿಂದಲೇ.

ನಾಲ್ಕನೆಯದು ಮಾತು, ಇದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನಾವು ದಾರಿಯಲ್ಲಿ ಎದುರಾದವರನ್ನು "ಊಟ ಆಯಿತೇ?" ಎಂದು ಕೇಳುತ್ತೇವೆ. ಅದು ಭೋಜನದ ವಿಚಾರಣೆಯಲ್ಲ, ವಿಶ್ವಾಸದ ಸೂಚನೆ. ಆಂಗ್ಲರ "ಹೌ ಆರ್ ಯೂ" ಕೂಡ ಅಂತಹುದೇ. ಅದಕ್ಕೆ ಮೊಣಕಾಲು ನೋವಿನ ವಿವರ ಕೊಡಲು ಹೊರಟರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಹವೆಯ ಬಗ್ಗೆ ಅವರು ಆಡುವ ಮಾತು ಕೂಡ ಪರಿಚಯದ ಬಾಗಿಲನ್ನು ತಟ್ಟುವ ಕ್ರಮ. "ಒಮ್ಮೆ ಊಟಕ್ಕೆ ಬನ್ನಿ" ಎಂದರೆ, ದಿನವನ್ನು ಗೊತ್ತುಪಡಿಸುವವರೆಗೆ ಅದು ಆಮಂತ್ರಣವಲ್ಲ. ಮೇಲಧಿಕಾರಿ "ನಾಟ್ ಬ್ಯಾಡ್" ಎಂದರೆ ಅದು ಬಹುಮಟ್ಟಿಗೆ ಪ್ರಶಂಸೆ. "ಇಂಟರೆಸ್ಟಿಂಗ್" ಎಂದರೆ ಒಪ್ಪಿಗೆಯೆಂದು ಆತುರಪಡಬಾರದು. ನಮ್ಮ ಮನೆಗಳಲ್ಲಿ ಬಡಿಸಿದ ತಾಯಿಗೆ ಕೃತಜ್ಞತೆ ಹೇಳಿದರೆ ಆಕೆಗೆ ಪರಕೀಯಳಾದಂತೆ ಅನಿಸುತ್ತದೆ. ಅಲ್ಲಿ ಬಸ್ಸಿನ ಚಾಲಕನಿಗೂ "ಥ್ಯಾಂಕ್ ಯೂ" ಹೇಳಿ ಇಳಿಯುತ್ತಾರೆ. ನಾವು ಹೌದೆಂದು ತಲೆಯನ್ನು ಪಕ್ಕಕ್ಕೆ ತೂಗಿದರೆ ಅವರಿಗೆ ಅದು ಅಲ್ಲವೆಂಬಂತೆ ಕಾಣುತ್ತದೆ. ಸಂಬಳವೆಷ್ಟು, ಮದುವೆಯೇಕೆ ಆಗಿಲ್ಲ, ಮಕ್ಕಳೆಷ್ಟು ಎಂಬ ನಮ್ಮ ಅಕ್ಕರೆಯ ಪ್ರಶ್ನೆಗಳು ಅವರ ದೃಷ್ಟಿಯಲ್ಲಿ ಅತಿಕ್ರಮಣ. ಅವರ ಮೌನವನ್ನು ತಿರಸ್ಕಾರವೆಂದು ನಾವು ತಿಳಿಯುತ್ತೇವೆ. ನಮ್ಮ ಅಕ್ಕರೆಯನ್ನು ಕುತೂಹಲವೆಂದು ಅವರು ತಿಳಿಯುತ್ತಾರೆ. ಇಬ್ಬರ ಅಭಿಪ್ರಾಯದಲ್ಲಿಯೂ ಕೆಡುಕಿಲ್ಲ.

ಹೊಂದಿಕೊಳ್ಳುವ ಭಾರವೆಲ್ಲ ನಮ್ಮ ಮೇಲೆಯೇ ಎಂದೂ ತಿಳಿಯಬಾರದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಬ್ರೈಟನ್ ನಗರದ ಅರಮನೆಯನ್ನು ಆಸ್ಪತ್ರೆಯಾಗಿ ಮಾರ್ಪಡಿಸಿದಾಗ, ಅವರವರ ಆಹಾರನಿಯಮಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆಗಳನ್ನು ಏರ್ಪಡಿಸಿದ್ದರು. ಅಲ್ಲಿ ಮಡಿದ ಹಿಂದೂ ಮತ್ತು ಸಿಖ್ ಯೋಧರ ದಹನ ನಡೆದ ಸ್ಥಳದಲ್ಲಿ 1921ರಲ್ಲಿ ಅನಾವರಣಗೊಂಡ 'ಛತ್ರಿ' ಎಂಬ ಸ್ಮಾರಕ ಇಂದಿಗೂ ಇದೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. 2010ರ ಸಮಾನತಾ ಕಾಯ್ದೆಯು ಮತಧರ್ಮದ ಕಾರಣದಿಂದ ಭೇದಭಾವ ಮಾಡುವುದನ್ನು ನಿಷೇಧಿಸಿದೆ. ಮೊದಲೇ ಪತ್ರ ಬರೆದು ಕೇಳಿದರೆ ಧಾರ್ಮಿಕ ಪರ್ವದಿನಕ್ಕೆ ಮಕ್ಕಳಿಗೆ ಶಾಲೆಯಿಂದ ರಜೆ ದೊರೆಯುವ ಏರ್ಪಾಡಿದೆ. ಈಜಿನ ತರಗತಿಯಲ್ಲಿ ಬಾಲಕನ ಜನಿವಾರವನ್ನು ಕಂಡು ಶಿಕ್ಷಕರು ಪ್ರಶ್ನಿಸಿದರೆ ಉತ್ತರಿಸಲು ಅವನಿಗೆ ನಾಲ್ಕು ವಾಕ್ಯಗಳು ಗೊತ್ತಿರಬೇಕು. ಅರ್ಥ ತಿಳಿಯದ ಮಗು ನಾಚಿಕೊಂಡು ಮುಚ್ಚಿಡುತ್ತದೆ. ಮುಚ್ಚಿಟ್ಟದ್ದನ್ನು ಕ್ರಮೇಣ ಕಳಚಿಡುತ್ತದೆ.

ಈಗ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಈ ಭೇದಗಳ ನಿಜವಾದ ಹೊರೆಯನ್ನು ಹೊರುವವರು ಉದ್ಯೋಗಕ್ಕೆ ಹೋಗುವ ಮಗನಲ್ಲ. ಮನೆಯೊಳಗಿರುವ ಸೊಸೆ, ಬಾಣಂತನಕ್ಕೆಂದು ಹೋದ ತಾಯಿ. ಪ್ರವಾಸಿಗರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿಯಿದೆ. ನಮ್ಮ ಪರಿಚಯದ ತಾಯಿಯೊಬ್ಬರು ಹೀಗೆಯೇ ಅಕ್ಟೋಬರಿನಲ್ಲಿ ಹೋದರು. ಇಲ್ಲಿ ಪ್ರತಿದಿನ ಸಂಜೆ ಸೆಂಟ್ರಲ್ ಪಾರ್ಕಿನ ಕಡೆ ಗೆಳತಿಯರೊಡನೆ ನಡೆದು, ಭಜನೆ ಮುಗಿಸಿ ಬರುತ್ತಿದ್ದವರು. ಅಲ್ಲಿ ನಾಲ್ಕಕ್ಕೇ ಕತ್ತಲು, ಬೀದಿಯಲ್ಲಿ ಜನವಿಲ್ಲ, ಮಗ ಬರುವುದು ಏಳಕ್ಕೆ. ಎರಡು ತಿಂಗಳಲ್ಲಿ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ತಾಯಿಗೆ ತನ್ನ ಮೇಲೆ ಕೋಪವೆಂದು ಸೊಸೆ ತಿಳಿದಳು. ತಾನು ಬೇಡವಾದೆನೆಂದು ತಾಯಿ ತಿಳಿದರು. ಇಲ್ಲಿಂದ ಯಾರು ಕೇಳಿದರೂ "ಚೆನ್ನಾಗಿದ್ದೇನೆ" ಎಂಬ ಒಂದೇ ಉತ್ತರ. ಕೊನೆಗೆ ಸೊಸೆಯೇ ಒಂದು ದಿನ ಪಕ್ಕದಲ್ಲಿ ಕುಳಿತು, "ಅಮ್ಮಾ, ಮೊದಲ ಚಳಿಗಾಲದಲ್ಲಿ ನಾನೂ ಹೀಗೆಯೇ ಅಳುತ್ತಿದ್ದೆ" ಎಂದಳಂತೆ. ಆ ಒಂದು ಮಾತಿನಿಂದ ಮನೆ ಉಳಿಯಿತು. ಆಮೇಲೆ ಹಗಲಿನ ಬೆಳಕಿರುವಾಗ ಒಂದು ಸುತ್ತು ನಡೆಯುವುದು, ವಾರಕ್ಕೊಮ್ಮೆ ಕನ್ನಡ ಕುಟುಂಬಗಳಲ್ಲಿ ಭಜನೆ ಎಂದು ಒಂದು ಕ್ರಮ ಏರ್ಪಟ್ಟಿತು. "ಊಟ ಆಯಿತೇ" ಎಂಬ ಪ್ರಶ್ನೆಯಂತೆ "ಚೆನ್ನಾಗಿದ್ದೇನೆ" ಎಂಬ ಉತ್ತರವೂ ಬರಿಯ ರೂಢಿಯ ಮಾತಾಗಬಹುದು. ಅದರ ಹಿಂದಿರುವುದನ್ನು ಆಲಿಸುವುದು ಬಂಧುಗಳ ಕರ್ತವ್ಯ.

ಆದ್ದರಿಂದ ಹೊರಡುವ ಮುನ್ನ ಮನೆಯವರೆಲ್ಲ ಒಟ್ಟಿಗೆ ಕುಳಿತು ಮೂರು ಮಾತುಗಳನ್ನು ನಿಶ್ಚಯಿಸಿಕೊಳ್ಳಿರಿ. ಏನಾದರೂ ಬಿಡಬಾರದ ನಿಯಮಗಳು ಯಾವುವು? ಅವು ಕೆಲವೇ ಇರಲಿ, ಆದರೆ ದೃಢವಾಗಿರಲಿ. ದೇಶಕಾಲಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದಾದವು ಯಾವುವು? ಅವುಗಳಿಗಾಗಿ ಪಶ್ಚಾತ್ತಾಪದಿಂದ ಕೊರಗುವುದು ಬೇಡ. ಕಷ್ಟವಾದಾಗ ಸಂಕೋಚವಿಲ್ಲದೆ ಯಾರಿಗೆ ಹೇಳಿಕೊಳ್ಳಬೇಕು? ಆ ಒಬ್ಬರ ಹೆಸರು ಮೊದಲೇ ಗೊತ್ತಿರಲಿ. ಹೋಗುವ ಹಿರಿಯರಿಗೆ ವೈದ್ಯಕೀಯ ವಿಮೆ ಮಾಡಿಸಿ. ತುರ್ತು ಸಂದರ್ಭಕ್ಕೆ 999, ಇತರ ಅನಾರೋಗ್ಯದ ಸಲಹೆಗೆ 111 ಎಂಬ ಸಂಖ್ಯೆಗಳನ್ನು ಬರೆದುಕೊಡಿ.

ಭೇದವನ್ನು ಮಿಥ್ಯೆಯೆಂದು ತಳ್ಳಿಹಾಕದ ಸಿದ್ಧಾಂತ ನಮ್ಮದು. ಪಂಚಭೇದಗಳಲ್ಲಿ ಜೀವಜೀವರ ಭೇದವೂ ಒಂದು. ತತ್ತ್ವವಿಚಾರವನ್ನು ಲೌಕಿಕಕ್ಕೆ ಎಳೆಯುವುದು ನನ್ನ ಉದ್ದೇಶವಲ್ಲ. ಆದರೂ ಭೇದ ಸತ್ಯವೆಂದು ನಂಬುವವರು ಪರರ ರೀತಿನೀತಿಗಳು ತಮ್ಮಂತಿಲ್ಲವೆಂದು ಬೆದರಬೇಕಾಗಿಲ್ಲ, ತಾವು ಅವರಂತೆಯೇ ಆಗಿಬಿಡಬೇಕೆಂದು ಆತುರಪಡಬೇಕಾಗಿಯೂ ಇಲ್ಲ. ಭೇದವನ್ನು ಅರಿತು ಆದರದಿಂದ ಬಾಳುವ ಸದ್ಬುದ್ಧಿಯನ್ನು ದೂರದೇಶಗಳಲ್ಲಿರುವ ನಮ್ಮೆಲ್ಲ ಮಕ್ಕಳಿಗೂ, ಅವರನ್ನು ಬಿಟ್ಟಿರುವ ಧೈರ್ಯವನ್ನು ನಮಗೂ ಭಗವಂತನು ಕರುಣಿಸಲೆಂದು ಪ್ರಾರ್ಥಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.