ಫೋನಿನಲ್ಲಿ ಉಳಿಯುವ ಗುರುತಿನ ಚೀಟಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಮುಂದೆ ನಿಂತು ಉಪನ್ಯಾಸ ಕೊಡುವಷ್ಟು ವಿದ್ಯೆ ನಮಗಿಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು ನಾವು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಆದರೂ ಕಾರ್ಯದರ್ಶಿಗಳು, ಫೋನಿನಲ್ಲಿರುವ ‘ಕುಕಿ’ಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆ ಮಾಡಿದ್ದಾರೆ. ಅದಕ್ಕೆ ಕಾರಣವುಂಟು. ಈ ವಿಷಯದಲ್ಲಿ ತಪ್ಪು ಮಾಡಿ ಕಲಿತವರು ನಾವು. ಆ ತಪ್ಪನ್ನು ಮುಚ್ಚಿಡದೆ ಮೊದಲು ಹೇಳಿಬಿಡುತ್ತೇವೆ.

ನಮ್ಮ ಖೋಲಿಯಲ್ಲಿ ಐದು ಮಂದಿ ಇದ್ದೇವೆ. ಅವರಲ್ಲೊಬ್ಬರು ಹೋಟೆಲಿನಲ್ಲಿ ದುಡಿಯುವವರು. ಒಂದು ದಿನ ಅವರ ಫೋನು ಕೆಟ್ಟಿತು. ಪ್ರಾವಿಡೆಂಟ್ ಫಂಡಿನ ಕಾಗದವೊಂದು ತುರ್ತಾಗಿ ಬೇಕಾಗಿದ್ದುದರಿಂದ ನಮ್ಮ ಫೋನಿನ ಬ್ರೌಸರಿನಲ್ಲಿ ತಮ್ಮ ಇ-ಮೇಲ್ ತೆರೆದರು. ಕೆಲಸವಾಯಿತು, ಪುಟ ಮುಚ್ಚಿದರು, ಫೋನು ಹಿಂದಕ್ಕೆ ಕೊಟ್ಟರು. ಪುಟ ಮುಚ್ಚಿದರೆ ಬಾಗಿಲಿಗೆ ಬೀಗ ಬಿದ್ದಂತೆಯೇ ಎಂದು ಅವರೂ ತಿಳಿದರು, ನಾವೂ ತಿಳಿದೆವು. ಎರಡು ತಿಂಗಳಾದ ಮೇಲೆ ನಾವು ಹೊಸ ಫೋನು ಕೊಂಡು ಹಳೆಯದನ್ನು ಊರಿನಲ್ಲಿರುವ ತಮ್ಮನಿಗೆ ಕೊಟ್ಟೆವು. ಅವನು ಬ್ರೌಸರು ತೆರೆದರೆ ನಮ್ಮ ಗೆಳೆಯರ ಇ-ಮೇಲ್ ತಾನಾಗಿ ತೆರೆದುಕೊಂಡಿತು. ಪಾಸ್‌ವರ್ಡನ್ನು ಕೇಳಲೇ ಇಲ್ಲ. ಅದರಲ್ಲಿ, ತಂಗಿಯ ಮದುವೆಗೆಂದು ಅವರು ಮಾಡಿದ್ದ ಸಾಲದ ತಗಾದೆ ಪತ್ರವಿತ್ತು. ಹುಡುಗನ ಬಾಯಿ, ವಾರದೊಳಗೆ ಸುದ್ದಿ ಪಕ್ಕದೂರಿನಲ್ಲಿರುವ ಅವರ ತಂದೆಯವರ ಕಿವಿಗೆ ಬಿತ್ತು. ಹಿರಿಯರು ಗಾಬರಿಯಾಗಿ ಇದ್ದ ಒಂದು ತುಂಡು ಹೊಲವನ್ನು ಮಾರಲು ಹೊರಟರು. ಗೆಳೆಯರು ಸಂಬಳವಿಲ್ಲದ ರಜೆ ಹಾಕಿ ಊರಿಗೆ ಓಡಿ ಅದನ್ನು ತಡೆದರು. ನಮಗೆ ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಹೀಗೇಕಾಯಿತು? ಕುಕಿ ಎಂದರೇನೆಂದು ನಮಗೆ ತಿಳಿಯದುದರಿಂದ.

ನಮ್ಮ ವಾಚನಾಲಯವನ್ನೇ ನೋಡಿ. ಬಾಗಿಲಲ್ಲಿ ಕೂಡುವವನಿಗೆ ಯಾರ ಮುಖವೂ ನೆನಪಿರುವುದಿಲ್ಲವೆಂದು ಇಟ್ಟುಕೊಳ್ಳಿ. ಮೊದಲ ಸಲ ಬಂದಾಗ ಅವನು ನಿಮ್ಮ ಹೆಸರು ವಿಚಾರಿಸಿ, ಒಂದು ನಂಬರು ಬರೆದ ಚೀಟಿ ಕೊಡುತ್ತಾನೆ. ಮುಂದೆ ಒಂದೊಂದು ಪುಸ್ತಕ ಕೇಳುವಾಗಲೂ ಆ ಚೀಟಿ ತೋರಿಸಿದರೆ ಸಾಕು; ತನ್ನ ರಿಜಿಸ್ಟರಿನಲ್ಲಿ ನಂಬರು ನೋಡಿ ಗುರುತು ಹಿಡಿಯುತ್ತಾನೆ. ವೆಬ್‌ಸೈಟುಗಳೂ ಹೀಗೆಯೆ. ಒಂದು ಪುಟ ಕಳಿಸಿದ ಮೇಲೆ, ಮುಂದಿನ ಪುಟ ಕೇಳುತ್ತಿರುವವನೂ ಅವನೇ ಎಂಬುದು ಅವಕ್ಕೆ ತಿಳಿಯದು. ಆದುದರಿಂದ ಅವು ನಮ್ಮ ಬ್ರೌಸರಿನ ಕೈಯಲ್ಲಿ ಒಂದು ಚೀಟಿ ಇಡುತ್ತವೆ. ಅದೇ ಕುಕಿ. ೧೯೯೪ರಲ್ಲಿ ನೆಟ್‌ಸ್ಕೇಪ್ ಎಂಬ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬವರು ಇದನ್ನು ಬ್ರೌಸರಿಗೆ ತಂದರು. ಹೆಸರು ಬಿಸ್ಕತ್ತಿನದು, ಕೆಲಸ ಚೀಟಿಯದು.

ಈ ಚೀಟಿ ತೀರ ಸಣ್ಣದು. ಒಂದೊಂದೂ ಸುಮಾರು ನಾಲ್ಕು ಸಾವಿರ ಅಕ್ಷರ ಮೀರುವುದಿಲ್ಲ. ಅದು ವೈರಸ್ ಅಲ್ಲ. ನಮ್ಮ ಫೋಟೋಗಳನ್ನು ತೆರೆದು ನೋಡಲಾರದು. ಕೆಲವು ಚೀಟಿಗಳು ಬ್ರೌಸರು ಮುಚ್ಚಿದೊಡನೆ ಹೋಗುವಂಥವು; ಕೆಲವು ತಿಂಗಳುಗಟ್ಟಲೆ ಉಳಿಯುವಂಥವು. ಕ್ರೋಮ್ ಬ್ರೌಸರು ೨೦೨೨ರಿಂದ ಯಾವ ಕುಕಿಗೂ ೪೦೦ ದಿನಕ್ಕಿಂತ ಹೆಚ್ಚಿನ ಅವಧಿ ಕೊಡುವುದಿಲ್ಲ. ನಾನೂರು ದಿನವೇನು ಕಡಮೆಯೆ? ಒಂದು ವರ್ಷಕ್ಕಿಂತ ಹೆಚ್ಚಾಯಿತು. ಚೀಟಿ ಯಾರ ಕೈಯಲ್ಲಿದೆಯೋ ಅವರೇ ಅದರ ಒಡೆಯರೆಂದು ವೆಬ್‌ಸೈಟು ನಂಬುತ್ತದೆ. ನಮ್ಮ ತಮ್ಮನ ಕೈಗೆ ಹೋದದ್ದು ಬರಿ ಫೋನಲ್ಲ, ಗೆಳೆಯರ ಚೀಟಿಯೂ ಹೋಗಿತ್ತು.

ಇನ್ನೊಂದು ಬಗೆಯ ಕುಕಿಯಿದೆ. ನೀವು ಹೋದ ಅಂಗಡಿಯವನಲ್ಲದೆ, ಆ ಅಂಗಡಿಯ ಮೂಲೆಯಲ್ಲಿ ಕುಳಿತ ಜಾಹಿರಾತಿನವನೂ ತನ್ನದೊಂದು ಚೀಟಿಯನ್ನು ನಿಮ್ಮ ಜೇಬಿಗೆ ಹಾಕುತ್ತಾನೆ. ಅವನ ಮಂದಿ ನೂರಾರು ಅಂಗಡಿಗಳಲ್ಲಿ ಕುಳಿತಿರುವುದರಿಂದ ನೀವು ಎಲ್ಲೆಲ್ಲಿ ಹೊಕ್ಕಿರಿ, ಏನೇನು ನೋಡಿದಿರಿ ಎಂಬುದು ಅವನ ರಿಜಿಸ್ಟರಿನಲ್ಲಿ ಸೇರುತ್ತ ಹೋಗುತ್ತದೆ. ಒಂದು ಕಡೆ ಪಾದರಕ್ಷೆ ನೋಡಿದರೆ ಹೋದಲ್ಲೆಲ್ಲ ಪಾದರಕ್ಷೆಯೇ ಕಾಣುವುದು ಬಹುಮಟ್ಟಿಗೆ ಇದರಿಂದ. ಇವಕ್ಕೆ ‘ಥರ್ಡ್ ಪಾರ್ಟಿ ಕುಕಿ’ ಎನ್ನುತ್ತಾರೆ. ಐಫೋನಿನ ಸಫಾರಿ ಬ್ರೌಸರು ೨೦೨೦ರಿಂದ ಇವನ್ನು ತಾನಾಗಿಯೇ ತಡೆಯುತ್ತದೆ. ಕ್ರೋಮಿನಿಂದಲೂ ಇವನ್ನು ತೆಗೆದುಹಾಕುವುದಾಗಿ ಗೂಗಲ್ ೨೦೨೦ರಲ್ಲಿ ಹೇಳಿತ್ತು; ೨೦೨೪ರ ಜುಲೈಯಲ್ಲಿ ಆ ಯೋಜನೆಯನ್ನು ಬಿಟ್ಟಿತು. ಆದುದರಿಂದ ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ‘ಥರ್ಡ್ ಪಾರ್ಟಿ ಕುಕೀಸ್’ ಎಂಬುದನ್ನು ಹುಡುಕಿ ‘ಬ್ಲಾಕ್’ ಎಂದು ನಾವೇ ಒತ್ತಬೇಕು.

ಈಗ ಅಳಿಸುವ ಕ್ರಮಕ್ಕೆ ಬರೋಣ. ಫೋನು ತೆಗೆದು ನಮ್ಮ ಜತೆಯಲ್ಲಿಯೇ ನೋಡಿ.

ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ತೆರೆಯಿರಿ. ಮೂಲೆಯ ಮೂರು ಚುಕ್ಕೆ ಒತ್ತಿ ‘ಸೆಟ್ಟಿಂಗ್ಸ್’, ಅಲ್ಲಿಂದ ‘ಪ್ರೈವಸಿ ಅಂಡ್ ಸೆಕ್ಯೂರಿಟಿ’, ಅಲ್ಲಿಂದ ‘ಡಿಲೀಟ್ ಬ್ರೌಸಿಂಗ್ ಡೇಟಾ’. ಕೆಲವು ಫೋನುಗಳಲ್ಲಿ ಮುಂದೆ ‘ಮೋರ್ ಆಪ್ಶನ್ಸ್’ ಒತ್ತಬೇಕಾಗುವುದು. ಎಷ್ಟು ಕಾಲದ್ದು ಎಂದು ಕೇಳುವಲ್ಲಿ ‘ಆಲ್ ಟೈಮ್’ ಆರಿಸಿ. ‘ಕುಕೀಸ್ ಅಂಡ್ ಸೈಟ್ ಡೇಟಾ’ ಎಂಬಲ್ಲಿ ಗುರುತು ಇರಲಿ. ‘ಪಾಸ್‌ವರ್ಡ್ಸ್’ ಎಂಬಲ್ಲಿ ಗುರುತು ಇರದಂತೆ ನೋಡಿಕೊಳ್ಳಿ. ಬಳಿಕ ‘ಡಿಲೀಟ್’. ಫೋನಿಗೆ ಸೇರಿಸಿರುವ ನಿಮ್ಮ ಸ್ವಂತ ಗೂಗಲ್ ಖಾತೆ ಇದರಿಂದ ಹೊರಬೀಳುವುದಿಲ್ಲ. ಒಂದೇ ವೆಬ್‌ಸೈಟಿನ ಚೀಟಿ ಅಳಿಸುವುದಾದರೆ ‘ಸೈಟ್ ಸೆಟ್ಟಿಂಗ್ಸ್’, ‘ಆಲ್ ಸೈಟ್ಸ್’ ಎಂಬಲ್ಲಿಗೆ ಹೋಗಿ ಆ ಹೆಸರನ್ನು ಆರಿಸಬಹುದು.

ಐಫೋನಿನಲ್ಲಿ ಈ ಕೆಲಸವನ್ನು ಫೋನಿನ ‘ಸೆಟ್ಟಿಂಗ್ಸ್’ನಲ್ಲಿ ಮಾಡಬಹುದು. ಹೊಸ ಫೋನುಗಳಲ್ಲಿ ‘ಆಪ್ಸ್’ ಎಂಬುದರೊಳಗೆ ‘ಸಫಾರಿ’ ಇರುತ್ತದೆ. ಅಲ್ಲಿ ‘ಕ್ಲಿಯರ್ ಹಿಸ್ಟರಿ ಅಂಡ್ ವೆಬ್‌ಸೈಟ್ ಡೇಟಾ’ ಒತ್ತಬೇಕು.

ಹಾಗಾದರೆ ದಿನವೂ ಅಳಿಸಬೇಕೆ ಎಂದು ಕೇಳುವಿರಿ. ಬೇಡ. ಇಲ್ಲಿಯೂ ಒಂದು ಸಂಗತಿ ನಡೆದಿದೆ. ನಮ್ಮ ಮಾತು ಕೇಳಿ ಚಾಳಿನ ಹಿರಿಯರೊಬ್ಬರು ಅದೇ ರಾತ್ರಿ ಎಲ್ಲವನ್ನೂ ಅಳಿಸಿದರು. ಬೆಳಿಗ್ಗೆ ತಮ್ಮ ಇ-ಮೇಲನ್ನೇ ತೆರೆಯಲಾರದೆ ಹೋದರು. ಪಾಸ್‌ವರ್ಡ್ ಮರೆತಿತ್ತು, ಒಟಿಪಿ ಹೋಗುತ್ತಿದ್ದುದು ಊರು ಬಿಟ್ಟಾಗ ಬಿಟ್ಟುಬಂದ ಹಳೆಯ ಸಿಮ್ಮಿನ ನಂಬರಿಗೆ. ಊರೂರು ತಿರುಗಿ ಸಿಮ್ ಬದಲಿಸುವ ನಮ್ಮಂಥವರಿಗೆ ಇದೇ ದೊಡ್ಡ ತೊಡಕು. ಆದುದರಿಂದ ಅಳಿಸುವ ಮೊದಲು ಪಾಸ್‌ವರ್ಡ್ ನೆನಪಿದೆಯೆ, ಖಾತೆಯಲ್ಲಿ ಈಗಿನ ನಂಬರು ಇದೆಯೆ, ಎರಡನ್ನೂ ನೋಡಿಕೊಳ್ಳಿ. ನಿಮ್ಮ ಸ್ವಂತ ಫೋನು, ಬೀಗ ಹಾಕಿದ್ದು, ನಿಮ್ಮ ಕೈಯಲ್ಲೇ ಇರುವುದು ಎಂದಾದರೆ ಚೀಟಿಗಳು ಇದ್ದರೆ ಬಾಧಕವಿಲ್ಲ.

ಫೋನಿನಲ್ಲಿ ಜಾಗ ಸಾಲದೆಂದು ಕುಕಿ ಅಳಿಸುವುದೂ ವ್ಯರ್ಥ. ಜಾಗ ತಿನ್ನುವವು ಚಿತ್ರಗಳು, ವಿಡಿಯೋಗಳು. ಹಣ ಕಳಿಸುವ ಆಪ್‌ಗಳ ಲೆಕ್ಕ ಬೇರೆ. ಬ್ರೌಸರಿನ ಕುಕಿ ಅಳಿಸಿದರೆ ಅವಕ್ಕೆ ಏನೂ ಆಗದು. ಒಟಿಪಿ ಕೇಳಿ ಮೋಸಮಾಡುವವರಿಂದಲೂ ಇದು ರಕ್ಷಿಸದು.

ಆದರೆ ಫೋನು ಹಂಚಿಕೊಂಡು ಬಾಳುವಲ್ಲಿ ಮೂರು ನಿಯಮ ತಪ್ಪಬಾರದು. ಒಂದು: ಇನ್ನೊಬ್ಬರ ಫೋನಿನಲ್ಲಿ ಖಾತೆ ತೆರೆಯುವುದಾದರೆ ಇನ್‌ಕಾಗ್ನಿಟೊ ಪುಟದಲ್ಲಿ ತೆರೆಯಿರಿ, ಅಂಥ ಪುಟಗಳನ್ನೆಲ್ಲ ಮುಚ್ಚಿದಾಗ ಅವುಗಳ ಕುಕಿಗಳೂ ಹೋಗುತ್ತವೆ. ಎರಡು: ಕೆಲಸ ಮುಗಿದೊಡನೆ ‘ಸೈನ್ ಔಟ್’ ಮಾಡಿ. ಕುಕಿ ಅಳಿಸುವುದೆಂದರೆ ಚೀಟಿ ಹರಿದಂತೆ. ಸೈನ್ ಔಟ್ ಎಂದರೆ ‘ನಾನು ಹೊರಟೆ’ ಎಂದು ಬಾಗಿಲವನಿಗೇ ತಿಳಿಸಿ ಹೋದಂತೆ. ಮರೆತುಹೋದರೆ, ನಿಮ್ಮ ಫೋನಿನಲ್ಲಿ ಗೂಗಲ್ ಖಾತೆ ತೆರೆದು ‘ಯುವರ್ ಡಿವೈಸಸ್’ ಎಂಬಲ್ಲಿ ಆ ಇನ್ನೊಂದು ಫೋನನ್ನು ದೂರದಿಂದಲೇ ಹೊರಹಾಕಬಹುದು. ನಮ್ಮ ಗೆಳೆಯರಿಗೆ ಅಂದು ಇದು ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಮೂರು: ಫೋನನ್ನು ಮಾರುವಾಗ, ತಮ್ಮನಿಗೇ ಕೊಡುವಾಗ ಕೂಡ, ಬೇಕಾದುದನ್ನು ಬೇರೆ ಕಡೆ ಇಟ್ಟುಕೊಂಡು ‘ಫ್ಯಾಕ್ಟರಿ ರೀಸೆಟ್’ ಮಾಡಿ ಕೊಡಿ.

ಮಹನೀಯರೆ, ಹತ್ತು ಅಡಿ ಖೋಲಿಯಲ್ಲಿ ಐವರು ಇರುವಾಗ ನಮ್ಮದೆಂಬ ಮೂಲೆ ಒಂದೂ ಇರುವುದಿಲ್ಲ. ಬಟ್ಟೆಯ ಹಗ್ಗವೂ ಹಂಚಿಕೆಯದು. ಫೋನು ಕೇಳಿದವರಿಗೆ ಇಲ್ಲವೆನ್ನುವುದು ನಮ್ಮ ಸಂಪ್ರದಾಯವಲ್ಲ. ಇಲ್ಲವೆನ್ನಿರೆಂದು ನಾವು ಹೇಳುವುದೂ ಇಲ್ಲ. ಕೊಡಿ. ಹಿಂದಕ್ಕೆ ಬಂದಾಗ, ‘ಸೈನ್ ಔಟ್ ಮಾಡಿದಿರಾ ಅಣ್ಣ?’ ಎಂದು ಒಂದು ಮಾತು ಕೇಳಿ. ಅದು ಅಪನಂಬಿಕೆಯ ಮಾತಲ್ಲ. ಅವರ ಮಾನವನ್ನು ನಮ್ಮ ಮಾನದಂತೆ ಕಾಯುವ ಮಾತು.

ಅಳಿಸುವ ಕ್ರಮ ಒಮ್ಮೆಗೆ ತಿಳಿಯದಿದ್ದವರು ಸಂಜೆ ಏಳರ ಮೇಲೆ ಇಲ್ಲಿ ಬನ್ನಿ. ಪತ್ರಿಕೆ ಜೋಡಿಸುತ್ತಲೇ ತೋರಿಸಿಕೊಡುವೆವು. ಆ ಗೆಳೆಯರೂ ಇರುತ್ತಾರೆ. ಈಗ ನಮಗಿಂತ ಚೆನ್ನಾಗಿ ಕಲಿಸುವವರು ಅವರೇ.