ಒಂದೇ ಡಬ್ಬಿಯ ಉಗಿಬಂಡಿ

ರೈಲು ಎಂದೊಡನೆ ಮುಂದೊಂದು ಎಂಜಿನ್, ಅದರ ಹಿಂದೆ ಸಾಲು ಡಬ್ಬಿಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಎಂಜಿನ್ನನ್ನು ತನ್ನೊಳಗೇ ಇಟ್ಟುಕೊಂಡು ಓಡುವ ಡಬ್ಬಿಯೂ ಒಂದು ಕಾಲದಲ್ಲಿ ಇತ್ತು. ಅದೇ ಉಗಿ ರೈಲುಕಾರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರೈಲ್ವೆ ಕಂಪೆನಿಗಳಿಗೆ ಹೊಸ ಎದುರಾಳಿಯೊಂದು ಹುಟ್ಟಿಕೊಂಡಿತು: ವಿದ್ಯುತ್ ಟ್ರಾಂ. ಅದು ಪದೇ ಪದೇ ಬರುತ್ತಿತ್ತು, ಮನೆಯ ಹತ್ತಿರವೇ ನಿಲ್ಲುತ್ತಿತ್ತು. ಬೆರಳೆಣಿಕೆಯ ಪ್ರಯಾಣಿಕರಿಗಾಗಿ ಇಡೀ ರೈಲು ಓಡಿಸಿದರೆ ಕಂಪೆನಿಗೆ ಖರ್ಚೇ ಹೆಚ್ಚು. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಕಣಿವೆಗೂ ಟ್ರಾಂ ಬರುವ ಮಾತು ಕೇಳಿಬಂದಾಗ ಗ್ರೇಟ್ ವೆಸ್ಟರ್ನ್ ರೈಲ್ವೆ ಎಚ್ಚೆತ್ತಿತು. 1903ರ ಅಕ್ಟೋಬರ್ 12ರಂದು ಚಾಲ್ಫರ್ಡ್ ಮತ್ತು ಸ್ಟೋನ್‌ಹೌಸ್ ನಡುವಿನ ಸುಮಾರು 7 ಮೈಲಿ ಹಾದಿಯಲ್ಲಿ ತನ್ನ ಉಗಿ ರೈಲುಕಾರನ್ನು ಗಂಟೆಗೊಮ್ಮೆ ಓಡಿಸತೊಡಗಿತು.

ಅದರ ಒಂದು ತುದಿಯಲ್ಲಿ ನೆಟ್ಟಗೆ ನಿಂತ ಬಾಯ್ಲರ್, ಉಳಿದ ಭಾಗದಲ್ಲಿ 52 ಜನರಿಗೆ ಆಸನ. ಹಿಂದಿರುಗುವಾಗ ಎಂಜಿನ್ ತಿರುಗಿಸುವ ಕೆಲಸವಿಲ್ಲ. ಚಾಲಕ ಇನ್ನೊಂದು ತುದಿಗೆ ನಡೆದು ಹೋದರಾಯಿತು. ಬೆಂಕಿ ನೋಡಿಕೊಳ್ಳುವವನು ಬಾಯ್ಲರ್ ಬಳಿಯೇ ಇರುತ್ತಿದ್ದ. ಇಬ್ಬರ ನಡುವೆ ಗಂಟೆಯ ಸದ್ದೇ ಮಾತು. ಟಿಕೆಟ್ಟನ್ನು ಗಾಡಿಯಲ್ಲೇ ಕೊಡುತ್ತಿದ್ದರು. ಹಳ್ಳಿಗಳ ಪಕ್ಕದಲ್ಲಿ ಪುಟ್ಟ ಹಾಲ್ಟ್‌ಗಳು ಎದ್ದವು.

ಜನ ಮುಗಿಬಿದ್ದರು. 1908ರ ವೇಳೆಗೆ ಈ ಕಂಪೆನಿಯೊಂದೇ 99 ರೈಲುಕಾರುಗಳನ್ನು ಕಟ್ಟಿಸಿತು. ಆದರೆ ಗೆದ್ದದ್ದೇ ಅದಕ್ಕೆ ಮುಳುವಾಯಿತು. ಸಂತೆಯ ದಿನ ಜನ ಹೆಚ್ಚಿದರೆ ಇನ್ನೊಂದು ಡಬ್ಬಿ ಎಳೆಯಲು ಆ ಪುಟ್ಟ ಎಂಜಿನ್ನಿಗೆ ತ್ರಾಣ ಸಾಲದು. ಬಾಯ್ಲರ್ ಕೆಟ್ಟರೆ ಆಸನಗಳೂ ಅದರ ಜೊತೆಗೇ ಷೆಡ್ಡು ಸೇರಬೇಕು. ಅಲ್ಲಿನ ಮಸಿ, ಬೂದಿ ಸೀಟುಗಳಿಗೂ ಅಂಟಬೇಕು. ಕೊನೆಗೆ ಎಂಜಿನ್ನನ್ನು ಬೇರೆಯಾಗಿಯೇ ಇಟ್ಟು, ಡಬ್ಬಿಯ ತುದಿಯಿಂದಲೂ ಅದನ್ನು ನಡೆಸುವ ಏರ್ಪಾಡು ಬಂತು. ಹಲವು ರೈಲುಕಾರುಗಳು ಎಂಜಿನ್ ಕಳಚಿಸಿಕೊಂಡು ಅಂಥ ಡಬ್ಬಿಗಳಾದವು. 1935ರ ಹೊತ್ತಿಗೆ ಅವುಗಳ ಓಡಾಟ ನಿಂತಿತು.

ಗಾಡಿ ಹೋದರೂ ಅದು ಹುಟ್ಟಿಸಿದ ಹಾಲ್ಟ್‌ಗಳು ಉಳಿದವು. ಸ್ಟ್ರೌಡ್ ಕಣಿವೆಯಲ್ಲಿ 1964ರವರೆಗೂ ಜನ ಅಲ್ಲಿ ಹತ್ತಿ ಇಳಿಯುತ್ತಿದ್ದರು. 93ನೇ ಸಂಖ್ಯೆಯ ರೈಲುಕಾರಿಗೆ 2011ರಲ್ಲಿ ಡಿಡ್‌ಕಾಟ್‌ನಲ್ಲಿ ಮರುಜೀವ ಬಂತು.

ನಮ್ಮ ಶಿವಮೊಗ್ಗ–ತಾಳಗುಪ್ಪ ಹಾದಿಯಲ್ಲಿ ಹಿಂದೆ ಓಡುತ್ತಿದ್ದ ರೈಲುಬಸ್ಸನ್ನು ಕಂಡವರು ನಿಮ್ಮಲ್ಲೂ ಇರಬಹುದು. ಅದು ನಡೆದದ್ದು ಡೀಸೆಲ್ಲಿನಿಂದ. ಆದರೆ ಅದರ ಹಿಂದಿನ ಲೆಕ್ಕಾಚಾರ ಇದೇ. ಪ್ರಯಾಣಿಕರು ಕಡಿಮೆ ಎಂದು ಹಾದಿಯನ್ನೇ ಮುಚ್ಚುವ ಮೊದಲು, ಗಾಡಿಯನ್ನು ಚಿಕ್ಕದು ಮಾಡಿ ನೋಡಬಹುದಲ್ಲವೆ?