ಎದುರಾಳಿ ಉಳಿಸಿಕೊಂಡ ಕೆಲಸ

ನಿರ್ಗಮಿಸುವ ನಾಯಕನಿಗೆ ಹಾರ ಹಾಕುವುದು ಸುಲಭ. ಅವನ ಆಡಳಿತವನ್ನು ತೂಗಿ ನೋಡುವುದು ಕಷ್ಟ. 1955ರ ಡಿಸೆಂಬರಿನಲ್ಲಿ ಕ್ಲೆಮೆಂಟ್ ಆಟ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕತ್ವ ಬಿಟ್ಟರು. ಇಪ್ಪತ್ತು ವರ್ಷ ಪಕ್ಷವನ್ನು ನಡೆಸಿದ ಆ ಮಿತಭಾಷಿಗೆ ಅರ್ಲ್ ಪದವಿ ಸಂದಿತು. ಬೆನ್ನಿಗೆ 1951 ಮತ್ತು 1955ರ ಚುನಾವಣಾ ಸೋಲುಗಳೂ ಇದ್ದವು.

ಅವರ ಸರ್ಕಾರ 1948ರ ಜುಲೈ 5ರಂದು ಬಡವ-ಬಲ್ಲಿದರೆನ್ನದೆ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. 1951ರಲ್ಲಿ ಅದೇ ಸರ್ಕಾರ ಕನ್ನಡಕ, ಹಲ್ಲಿನ ಸೆಟ್ಟುಗಳಿಗೆ ಶುಲ್ಕ ವಿಧಿಸಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನೈರಿನ್ ಬೆವನ್ ಸಂಪುಟವನ್ನೇ ತೊರೆದರು. 1947ರಲ್ಲಿ ಭಾರತಕ್ಕೆ ಅಧಿಕಾರ ಹಸ್ತಾಂತರಿಸಿದ್ದೂ ಆ ಸರ್ಕಾರವೇ. ಅವಸರದ ವಿಭಜನೆಯ ಹೊಣೆಯಲ್ಲಿ ಅದಕ್ಕೂ ಪಾಲುಂಟು.

ಆದರೂ, 1951ರಲ್ಲಿ ಗೆದ್ದು ಬಂದ ಚರ್ಚಿಲ್ ಆರೋಗ್ಯ ಸೇವೆಯನ್ನು ಕೆಡವಲಿಲ್ಲ. ಎದುರಾಳಿಯೂ ಉಳಿಸಿಕೊಳ್ಳುವಂಥ ಕೆಲಸವೇ ನಾಯಕನಿಗೆ ಸಲ್ಲುವ ನಿಜವಾದ ಮಾನಪತ್ರ.